ಕೆಂಪು ಸುತ್ತಿನ ಪಾಚಿ

ಕಳೆದ ಮಂಗಳವಾರ, ಬೆಳಗ್ಗೆ ಸರಿಯಾಗಿ ಏಳು. ಗೋಕಾಕ ಫಾಲ್ಸ್‌ನ ನಮ್ಮ ಹಿತ್ತಲು. ಹಾಜರಿದ್ದವರು: ನಾನು, ನನ್ನ ಹೆಂಡತಿ, ಸುಣ್ಣ ಹಚ್ಚುವ ಭೀಮಪ್ಪ (ನನ್ನ ಹಳೆಯ ವಿದ್ಯಾರ್ಥಿ). ಮತ್ತು ಹಿತ್ತಲಗೋಡೆಯ ಪಾಚಿಯಲ್ಲಿ ಹನ್ನೊಂದು ಹುಳುಗಳು.

ಹುಳುಗಳ ಹಾಜರಿಯೇಕೆ? ಕೇಳಿ. ಜಲಪಾತದ ತುಂತುರು ತಾಗುವ ಆ ಗೋಡೆಯನ್ನು ಹಿಂದಿನ ವಾರ ಧಾರವಾಡದ ಪ್ರೊಫೆಸರೊಬ್ಬರು ಭೂತಗನ್ನಡಿ ಹಿಡಿದು ನೋಡಿದ್ದರು. ಅಕ್ಕಿಕಾಳಿನ ಅರ್ಧದಷ್ಟು ಹುಳು. ಪಾಚಿಯಲ್ಲೇ ವಾಸ, ಪಾಚಿಯೇ ಊಟ. ಬೆಳೆದರೆ ಉಗುರಿಗಿಂತ ಚಿಕ್ಕದೊಂದು ಹೊಳೆಯುವ ಪತಂಗ. ಬಲು ಅಪರೂಪವಂತೆ!

"ಮುಂದಿನ ಐತವಾರ ಬಂದು ಒಯ್ಯತೇನ್ರಿ. ಅಲ್ಲೀತನಕ ಜ್ವಾಕಿ," ಎಂದರು. ಮಾತು ಕೊಟ್ಟೆ. (ಹೆಡ್‌ಮಾಸ್ತರನಾಗಿದ್ದವನು, ಕೊಟ್ಟ ಮಾತಿಗೆ ತಪ್ಪಿದವನಲ್ಲ.)

ಆದರೆ ದೀಪಾವಳಿಯ ಸುಣ್ಣಕ್ಕೆ ಮಂಗಳವಾರವೇ ನಿಗದಿ. ಸ್ವಾತಂತ್ರ್ಯ ಬಂದು ಸರಕಾರವೇ ಬದಲಾಯಿತು, ನನ್ನ ಟೈಮ್‌ಟೇಬಲ್ ಬದಲಾಗಿಲ್ಲ. ಉಪಾಯ ಮಾಡಿದೆ. ಹುಳು ಕಂಡ ಕಡೆಯೆಲ್ಲ ಕೆಂಪು ಸೀಮೆಸುಣ್ಣದಿಂದ ಒಂದೊಂದು ಸುತ್ತು.

"ಭೀಮಪ್ಪಾ, ಗುರುತು ಹಾಕೇನಿ. ನೋಡಿ ಪಾಚಿ ಕೆರಿಯೋ," ಎಂದು ಹೇಳಿ ಪೂಜೆಗೆ ಕುಳಿತೆ.

ಎಂಟಕ್ಕೆ ಬಂದು ನೋಡಿದೆ. ಸುತ್ತಿನೊಳಗಿನದೆಲ್ಲ ಕೆರೆದು ಬೋಳು! ಉಳಿದ ಪಾಚಿ ಹಸಿರು ಹಸಿರು.

"ಏನ್ ಮಾಡಿದ್ಯೋ ಇದು?"

"ನೀವ ಕಲಿಸಿದ್ದಲ್ರಿ ಮಾಸ್ತರ? ಪಾಟಿ ಮ್ಯಾಲ ನೀವು ಸುತ್ತ ಹಾಕಿದ್ರ ಅದು ತಪ್ಪು. ಅದನ್ನಷ್ಟ ಅಳಸಬೇಕು. ಉಳದದ್ದು ಮುಟ್ಟಿದ್ರ ಛಡಿ ಬೀಳತಿತ್ತಲ್ರಿ!"

ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. "ನಿಮ್ಮ ಪಾಠ ನೆನಪ ಇಟ್ಟಾಂವ ಇಂವ ಒಬ್ಬನ. ಇವಂಗೂ ಬೈತೀರೇನು?"

ಭಾನುವಾರ ಪ್ರೊಫೆಸರರಿಗೆ ಯಾವ ಮುಖ ತೋರಿಸಲಿ?

ಪುಣ್ಯಕ್ಕೆ ಕೆರೆದದ್ದೆಲ್ಲ ಬುಟ್ಟಿಯಲ್ಲಿತ್ತು. ಮೂವರೂ ನೆಲಕ್ಕೆ ಕುಳಿತು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿದೆವು. ಹೆಂಡತಿಗೆ ನಾಲ್ಕು ಸಿಕ್ಕವು, ಭೀಮಪ್ಪನಿಗೆ ಏಳು. ನನಗೆ? ಒಂದು ಇರುವೆ.

ಹನ್ನೊಂದನ್ನೂ ಭೀಮಪ್ಪ ಮುಟ್ಟದೆ ಬಿಟ್ಟ ಪಾಚಿಯ ಮೇಲೆ ಇಳಿಸಿದೆವು. ಮೆಲ್ಲಗೆ ಒಳಗೆ ನುಸುಳಿದವು. ಸುಣ್ಣದ ಬಕೆಟ್ಟು ಮುಚ್ಚಿಸಿದೆ. ಈ ದೀಪಾವಳಿಗೆ ಆ ಗೋಡೆಗೆ ರಜೆ.

"ಮತ್ತ ಛಡಿ ಇಲ್ಲಲ್ರಿ, ಮಾಸ್ತರ?" ಹೊರಡುವಾಗ ಭೀಮಪ್ಪ ಕೇಳಿದ.

ಸಂಜೆ ಆರಕ್ಕೆ ಗೋಡೆಯ ಕೆಂಪು ಸುತ್ತುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಂದಿನ ಕೊನೆಯ ಕೆಲಸ ಅದೇ.

ಇಷ್ಟು ವರ್ಷ ಸಾಲೆಯಲ್ಲಿ ಸುತ್ತು ಹಾಕಿದೆನಲ್ಲ, ಸರಿಯಾಗಿ ಬರೆದದ್ದಕ್ಕೆ ಒಮ್ಮೆಯಾದರೂ ಹಾಕಿದ್ದೆನೇ?