ಸಿಂಧೂರ ಹಚ್ಚಿದ ಕಲ್ಲು

ಧಾರವಾಡದಿಂದ ಬಂದು ಪುಣೆಯಲ್ಲಿ ವಿಮಾ ಕಚೇರಿಯ ನೌಕರಿ ಮುಗಿಸಿದ ಪ್ರಲ್ಹಾದರಾಯರಿಗೆ ಇದ್ದದ್ದು ಒಂದೇ ಹುಚ್ಚು, ಹಳೆಯ ಕಲ್ಲಿನದು. ಭಾನುವಾರ ಬಂತೆಂದರೆ ಸ್ವಾರಗೇಟದಲ್ಲಿ ಬಸ್ಸು ಹಿಡಿದು, ಸುತ್ತಲಿನ ಹಳ್ಳಿಗಳ ಪಾಳು ಗುಡಿ, ಬಾವಿಕಟ್ಟೆಗಳನ್ನೆಲ್ಲ ತಡಕುತ್ತಿದ್ದರು. ಒಂದಾದರೂ ಕನ್ನಡ ಶಾಸನ ಸಿಗಬೇಕು, ಅದರ ಜೊತೆ ತಮ್ಮ ಹೆಸರು ಅಚ್ಚಾಗಬೇಕು. ಇಷ್ಟು ವರ್ಷ ಸಿಕ್ಕಿದ್ದು ಮುಳ್ಳು ಮತ್ತು ಮೊಣಕಾಲು ನೋವು.

ಶಾಸನ ಸಿಕ್ಕಿದ್ದು ನೀಲಿಮಾಗೆ. ಕೆಳಗಿನ ಮನೆಯ ಹಲ್ಲಿನ ಡಾಕ್ಟರು, ಬೆಳಗಾವಿಯವಳು. ಬೇಸರ ಕಳೆಯಲೆಂದು ಒಂದೇ ಒಂದು ಸಲ ಅವರ ಜೊತೆ ಬಂದವಳು, ಚಪ್ಪಲಿಯ ಕೆಸರನ್ನು ಬೇಲಿಯ ಕಲ್ಲಿಗೆ ಒರೆಸುತ್ತ ಕೂಗಿದಳು, “ಕಾಕಾ, ಇಲ್ಲೆ ಬರ್ರಿ! ಏನೋ ಕೊರದಾರ ನೋಡ್ರಿ!”

ಕನ್ನಡವೇ. ಆದರೆ ಸವೆದು ಹೋಗಿತ್ತು. ಓದಲು ಬಂದರೆ ಅವಳ ಹೆಸರಿನಲ್ಲೇ ಪ್ರಕಟಿಸುತ್ತೇವೆ, ಎಂಟು ದಿನ ಬಿಟ್ಟು ಸೋಮವಾರ ಬರುತ್ತೇವೆ ಎಂದರು, ಅವಳು ಕಳಿಸಿದ ಫೋಟೋ ನೋಡಿದ ಪುಣೆಯ ಶಾಸನ ಸಂಶೋಧಕರು.

“ಭಾಳ ಛಲೋ ಆತು,” ಎಂದರು ರಾಯರು. ಒಳಗೆ ಅಂದುಕೊಂಡದ್ದೇ ಬೇರೆ. ಚಪ್ಪಲಿ ಒರೆಸಿದವಳಿಗೆ ಶಾಸನವಂತೆ!

ಅವರು ಬರುವ ಹಿಂದಿನ ದಿನ, ಭಾನುವಾರ, ರಾಯರು ಒಬ್ಬರೇ ಹೋದರು. ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಕಲ್ಲಿನ ತುಂಬ ದಪ್ಪಗೆ ಬಳಿದರು. ಆ ಸೀಮೆಯಲ್ಲಿ ಸಿಂಧೂರ ಬಿದ್ದ ಕಲ್ಲು ದೇವರಾಗುತ್ತದೆ, ದೇವರನ್ನು ಕೆರೆಯಲು ಊರವರು ಬಿಡುವುದಿಲ್ಲ. ಲೆಕ್ಕಾಚಾರ ಸರಿಯಾಗಿಯೇ ಇತ್ತು.

ಸೋಮವಾರ ಆಗಲೇ ಯಾರೋ ಕಾಯಿ ಒಡೆದಿದ್ದರು. ಸಂಶೋಧಕರು ಕೈಚೆಲ್ಲಿ ನಿಂತರು, ನೀಲಿಮಾಳ ಮುಖ ಬಾಡಿತು. ರಾಯರಿಗೆ ಹಾಯೆನಿಸಿತು. ಅಷ್ಟರಲ್ಲಿ ಊರಿನ ಪೂಜಾರಿ ಏಕನಾಥ ಬಂದು, ಇದನ್ನು ಬಳಿದ ಗಾವಿಲ ಯಾರು ಎಂದು ಮರಾಠಿಯಲ್ಲಿ ಬೈಯತೊಡಗಿದ. ತೊಳೆಯದ ಕಲ್ಲಿಗೆ ಸಿಂಧೂರ ಹಚ್ಚುವಂತಿಲ್ಲ, ಅದು ಪದ್ಧತಿಯಲ್ಲ. ಅವನೇ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆದ.

ಮೇಲಿನದೆಲ್ಲ ಹೋಯಿತು. ಕೊರೆದ ಗೆರೆಗಳಲ್ಲಿ ಇಳಿದದ್ದು ಮಾತ್ರ ಉಳಿಯಿತು. ಸವೆದ ಅಕ್ಷರಗಳು ಒಂದೊಂದೂ ಕೆಂಪಗೆ ಎದ್ದು ನಿಂತವು.

“ಕಾಕಾ, ನೀವ ಓದ್ರಿ. ನನಗ ಹಳೇ ಲಿಪಿ ಬರೂದಿಲ್ಲ,” ಎಂದಳು ನೀಲಿಮಾ.

ಓದಿದರು. ತುರುಗಳನ್ನು ಕಾಯುತ್ತ ಸತ್ತ ಯಾರೋ ಒಬ್ಬ ಬೀರಯ್ಯನ ಹೆಸರಿತ್ತು. ಅವನ ಮೇಲೂ ಅವರಿಗೆ ಮತ್ಸರವಾಯಿತು.

“ಸಿಂಧೂರ ಹಚ್ಚಿದ ಪುಣ್ಯಾತ್ಮ ಯಾರಂತ ಹುಡುಕಬೇಕ್ರಿ,” ನೀಲಿಮಾ ಕಣ್ಣು ಒರೆಸಿಕೊಂಡಳು. “ನನ್ನ ಹೆಸರಿನ ಜೋಡಿ ಅವರ ಹೆಸರೂ ಅಚ್ಚ ಆಗ್ಲಿ.”

ರಾಯರು ಬಾಯಿ ತೆರೆದರು. ಏಕನಾಥ ಇನ್ನೂ ಬೈಯುತ್ತಲೇ ಇದ್ದ.

“ಯಾರೋ ಹಳ್ಳಿಯವರ ಇರಬೇಕವಾ,” ಎಂದು, ಉಗುರು ಕೆಂಪಾದ ಕೈಯನ್ನು ಜೇಬಿಗೆ ಇಳಿಸಿದರು.