ಗೋಣಿಮುಖನ ಕಿರುಚಕ್ಕ

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತಿದೆ. ಕಿರುಚಕ್ಕನಿಗೆ ಮಾತ್ರ ಬಾಯಿ ಬಿಟ್ಟರೇನೇ ಹೊಟ್ಟೆಪಾಡು. ಹೊರಗಿನಿಂದ ಬಂದ ಸಿನಿಮಾಗಳಿಗೆ ನಮ್ಮ ಭಾಷೆಯ ದನಿ ಕೂರಿಸುವ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳು ಕಿರುಚುವ ಕೆಲಸದವಳು. ಬೀದಿಯಲ್ಲಿ ನೋಡಿದರೆ ನಂಬಲಿಕ್ಕಾಗದು. ಸೋಪು ಕೇಳಿದರೆ ಅಂಗಡಿಯವನು ‘ಏನಕ್ಕಾ?’ ಎಂದು ಎರಡು ಸಲ ಕಿವಿ ಚಾಚಬೇಕು. ‘ಜೋರೆಲ್ಲ ಸ್ಟುಡಿಯೋದಲ್ಲೇ ಖರ್ಚಾಗಿಬಿಡತ್ತೆ, ನನ್ನ ಪುಣ್ಯ!’ ಎಂದು ಅವಳ ಗಂಡ ನೆಂಟರ ಮುಂದೆ ನಗುತ್ತಿದ್ದ.

ಇಂಥವಳಿಗೆ ಗಂಟಲು ಕೈಕೊಟ್ಟಿತು. ಅದೂ ಯಾವಾಗ? ಗೋಣಿಮುಖನ ಏಳನೆಯ ಭಾಗ, ಇದೇ ಕೊನೆಯದು ಎಂದು ಸಾರಿಕೊಂಡು ಬಂದ ವರ್ಷ. ಗಂಟಲಲ್ಲಿ ಗಂಟಾಗಿದೆ, ಇನ್ನು ಕೂಗಿದರೆ ಇರುವ ಮಾತೂ ಹೋಗುತ್ತದೆ ಎಂದರು ಡಾಕ್ಟರು. ‘ಮೊದಲನೇದಕ್ಕೆ ಕೂಗಿದವಳು ನಾನು. ಕೊನೇದ್ರಲ್ಲೂ ನನ್ನ ದನಿ ಇರಬೇಕು. ಆಮೇಲೆ ಮಾತು ಹೋದ್ರೆ ಹೋಗ್ಲಿ’ ಎಂದಳು ಇವಳು. ಡಾಕ್ಟರು ಅವಳ ಗಂಡನ ಮುಖ ನೋಡಿದರು. ಗಂಡ ಗೋಡೆಯ ಕ್ಯಾಲೆಂಡರು ನೋಡಿದ.

ಗೋಣಿಮುಖ ಯಾರೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆ ಸಿನಿಮಾದ ಕಥೆಗೆ ತಲೆಯೂ ಇಲ್ಲ ಬುಡವೂ ಇಲ್ಲ. ಒಂದು ದೊಡ್ಡ ಮನೆ, ಒಂದು ಮರದ ಮೆಟ್ಟಿಲು, ಮುಖಕ್ಕೆ ಗೋಣಿಚೀಲ ಸುತ್ತಿಕೊಂಡ ಒಬ್ಬ ಕೊಲೆಗಾರ, ಒಬ್ಬಳು ಹುಡುಗಿ. ಅವನು ಓಡುವುದಿಲ್ಲ, ನಡೆಯುತ್ತಾನೆ. ಅವಳು ಎದ್ದುಬಿದ್ದು ಓಡುತ್ತಾಳೆ. ಆದರೂ ಅವನು ಬೆನ್ನ ಹಿಂದೆಯೇ ಇರುತ್ತಾನೆ. ಇಷ್ಟಕ್ಕೆ ಜನ ಮುಗಿಬಿದ್ದರು! ಬಲ್ಲವರು ಮೂಗು ಮುರಿದರು, ಮುರಿಯಲಿ ಬಿಡಿ, ಮೂಗು ಅವರದೇ. ಬೀರುವಿನ ಹಿಂದೆ ಅವನಿದ್ದಾನೆಂದು ಗೊತ್ತಿದ್ದವರೇ ಮತ್ತೆ ಮತ್ತೆ ಹೋಗಿ, ಗೊತ್ತಿಲ್ಲದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಬೆಚ್ಚಿಬೀಳುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಲೇಜು ತಪ್ಪಿಸಿ ಅದನ್ನು ನೋಡಿದ ಹುಡುಗಿಯರು ಮುಂದೆ ತಮ್ಮ ಹೆಣ್ಣುಮಕ್ಕಳನ್ನು ತಾವೇ ಕರೆದುಕೊಂಡು ಬಂದರು.

ಮುಂದಿನ ಭಾಗಗಳೆಲ್ಲ ಒಂದೇ ತೂಕದವಲ್ಲ. ಎರಡನೆಯದು ಪರವಾಗಿಲ್ಲ. ಮೂರನೆಯದರಲ್ಲಿ ಅವನನ್ನು ಸುಟ್ಟರು. ನಾಲ್ಕನೆಯದರಲ್ಲಿ ಹಡಗು ಹತ್ತಿಸಿದರು, ಯಾಕೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸತ್ತವನು ಎದ್ದು ಬರುವುದಕ್ಕೂ ಒಂದು ಮಿತಿ ಬೇಡವೇ? ಆದರೂ ಜನ ಬೈಯುತ್ತಲೇ ಹೋದರು, ಬೈಯುತ್ತಲೇ ಹೊರಬಂದರು, ಮುಂದಿನದು ಯಾವಾಗ ಎಂದು ಕೇಳಿದರು. ಏಕೆಂದರೆ ಪ್ರತಿ ಭಾಗದಲ್ಲೂ ಆ ಮೆಟ್ಟಿಲಿತ್ತು, ಮೆಟ್ಟಿಲ ಮೇಲೆ ಕಿರುಚಕ್ಕನ ಕೂಗಿತ್ತು.

ಆ ಕೂಗು ಹುಟ್ಟಿದ್ದೇ ಒಂದು ತಪ್ಪಿನಿಂದ. ಆಗ ಸ್ಟುಡಿಯೋ ಎಂದರೆ ಹಳೇ ಟೈರುಗಳ ಗೋದಾಮು. ಗೋಡೆಗೆಲ್ಲ ಹಾಸಿಗೆ ಬಡಿದಿದ್ದರು, ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಇದ್ದದ್ದು ಒಂದೇ ಮೈಕು. ಸಿನಿಮಾದವರ ನಡುವೆ ಮಗಳನ್ನು ಒಬ್ಬಳನ್ನೇ ಬಿಡಲೊಪ್ಪದ ಕಿರುಚಕ್ಕನ ತಾಯಿ, ಕೊಡೆ ಹಿಡಿದುಕೊಂಡು ಬಂದು ಬಾಗಿಲಾಚೆಯ ಬೆಂಚಿನ ಮೇಲೆ ಕಾವಲು ಕೂತಿದ್ದಳು. ಒಳಗೆ ದನಿ ಹಿಡಿಯುವವನು ಸೌಂಡಣ್ಣ, ಆಗಿನ್ನೂ ಮೀಸೆ ಚಿಗುರುತ್ತಿದ್ದ ತರುಣ. ‘ಪರದೆ ಮೇಲೆ ಅವಳು ತುಟಿ ಮುಚ್ಚಲ್ಲ. ನೀನೂ ಮುಚ್ಚಬೇಡ. ಬರೀ ಆ ಅಂತ ಕಿರುಚು’ ಎಂದು ತಾಕೀತು ಮಾಡಿದ್ದ. ಎಲ್ಲ ಕಡೆ ಸರಿಯಾಗಿಯೇ ಕಿರುಚಿದಳು. ಮೆಟ್ಟಿಲ ದೃಶ್ಯ ಬಂತು. ಹುಡುಗಿ ನಮಗೆ ಬೆನ್ನು ತಿರುಗಿಸಿ ಹತ್ತುತ್ತಿದ್ದಾಳೆ, ಹಿಂದೆ ಗೋಣಿಮುಖ. ನೋಡನೋಡುತ್ತ ಇವಳ ಎದೆ ಝಲ್ಲೆಂದು, ಹೇಳಿಕೊಟ್ಟದ್ದೆಲ್ಲ ಮರೆತು, ನಮ್ಮವರು ಹೆದರಿದಾಗ ಏನು ಕೂಗುತ್ತಾರೋ ಅದೇ ಬಾಯಿಗೆ ಬಂತು.

‘ಅಮ್ಮಾ!’

ತಾಯಿಗೆ ಸಿನಿಮಾ ಏನು ಗೊತ್ತು, ಟೇಕ್ ಏನು ಗೊತ್ತು? ‘ಬಂದೆ ಮಗಳೇ, ಬಂದೆ!’ ಎಂದು ಬಾಗಿಲು ತಳ್ಳಿಕೊಂಡು ನುಗ್ಗಿದಳು. ಕತ್ತಲಲ್ಲಿ ಎದುರಿಗೆ ಉದ್ದಕ್ಕೆ ನಿಂತದ್ದನ್ನು ಕಂಡು ಕೊಡೆಯಿಂದ ಬಾರಿಸಿದಳು. ಅದು ಮೈಕು. ಮೈಕು ಸತ್ತೇಹೋಯಿತು. ಇನ್ನೊಂದು ಟೇಕಿಗೆ ದಾರಿಯಿರಲಿಲ್ಲ. ಸೌಂಡಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಆಮೇಲೆ, ಹೇಗೂ ಹುಡುಗಿಯ ಬೆನ್ನು ನಮಗೆ, ತುಟಿ ಕಾಣುವುದಿಲ್ಲವಲ್ಲ ಎಂದು ಆ ‘ಅಮ್ಮಾ’ ಹಾಗೇ ಉಳಿಸಿಕೊಂಡ. ತಾಯಿಯ ‘ಬಂದೆ ಮಗಳೇ’ಯನ್ನು ಬ್ಲೇಡಿನಿಂದ ಟೇಪಿನಲ್ಲೇ ಕತ್ತರಿಸಿ ಬಿಸಾಡಿದ.

ಸಿನಿಮಾ ಬಂದ ಮೇಲೆ ಥಿಯೇಟರಿನಲ್ಲಿ ನಡೆದದ್ದೇ ಬೇರೆ. ಮೊದಲ ವಾರ ಜನ ಆ ಕೂಗಿಗೆ ಕುರ್ಚಿ ಬಿಟ್ಟೆದ್ದರು. ಎರಡನೆಯ ವಾರದಿಂದ ಅವಳ ಜೊತೆ ತಾವೂ ಕೂಗಿದರು. ಮುಂದೆ ಅದೇ ರೂಢಿಯಾಯಿತು. ಮೆಟ್ಟಿಲು ಕಂಡರೆ ಸಾಕು, ಹಿಂದಿನ ಸಾಲಿನ ಪುಂಡರಿಂದ ಹಿಡಿದು ಬಾಲ್ಕನಿಯ ಅಜ್ಜಿಯರವರೆಗೆ ಎಲ್ಲರದೂ ಒಂದೇ ದನಿ, ‘ಅಮ್ಮಾ!’ ಕೂಗಿ ಮುಗಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಗಂಡಸರು ಅಳುಕಿಲ್ಲದೆ ಅಮ್ಮನನ್ನು ಕರೆಯಲಿಕ್ಕೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಸಿನಿಮಾ ಮಾಡಿದ ಮೂಲದವರಿಗೆ ಇದರ ಸುಳಿವೂ ಇಲ್ಲ.

ತಾಯಿ ಮಾತ್ರ ಒಂದು ಭಾಗವನ್ನೂ ನೋಡಲಿಲ್ಲ. ಕರೆದಾಗಲೆಲ್ಲ ‘ನನ್ನ ಮಗಳು ಅಮ್ಮಾ ಅಂತ ಅರಚೋದನ್ನ ನಾನು ಟಿಕೆಟ್ ತಗೊಂಡು ಕೂತು ಕೇಳಬೇಕಾ? ಎದ್ದು ಓಡಬೇಕು ಅನ್ಸತ್ತೆ, ಓಡೋಕೆ ಜಾಗ ಎಲ್ಲಿ?’ ಎನ್ನುತ್ತಿದ್ದಳು. ಐದನೆಯ ಭಾಗದ ಹೊತ್ತಿಗೆ ತಾಯಿ ತೀರಿಕೊಂಡಳು. ಆ ವರ್ಷ ಮೆಟ್ಟಿಲ ದೃಶ್ಯಕ್ಕೆ ಕಿರುಚಕ್ಕ ಕೂಗಿದ್ದನ್ನು ಟೇಪಿಗೆ ಹಿಡಿದ ಮೇಲೆ ಸೌಂಡಣ್ಣ ತುಂಬ ಹೊತ್ತು ದೀಪ ಹಾಕಲೇ ಇಲ್ಲ.

ಈಗ ಏಳನೆಯದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಪರದೆಯ ಮೇಲೆ ಮೊದಲ ಭಾಗದ ಅದೇ ನಾಯಕಿ, ಈಗ ತಲೆ ನರೆತಿದೆ, ಅವಳಿಗೊಬ್ಬ ಮಗಳು. ಹಂಚಿಕೆದಾರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದ. ‘ನಿಮ್ಮನ್ನ ಬಿಡೋ ಮಾತೇ ಇಲ್ಲ ಅಕ್ಕ. ಆದ್ರೆ ಒಂದು ಹೊಸ ಹುಡುಗಿಗೂ ಹೇಳಿದೀವಿ. ತಾಯಿ, ಮಗಳು ಎರಡೂ ದನಿ ಅವಳೇ ಕೊಡ್ತಾಳಂತೆ. ನೋಡೋಣ.’

ನೋಡಿದರು. ಕಿರುಚಕ್ಕ ಎಂದಿನಂತೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮೈಕಿನ ಮುಂದೆ ನಿಂತು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ತೆರೆದಳು. ಈ ಸಲ ಗೊರಗೊರ ಎಂದಿತು. ಗಾಜಿನ ಆಚೆ ಕೂತಿದ್ದ ಸೌಂಡಣ್ಣ, ಈಗ ಬಿಳಿ ಮೀಸೆಯವನು, ಕಿವಿಯ ಮೇಲಿನ ಹೆಡ್‌ಫೋನು ತೆಗೆದಿಟ್ಟು ‘ಸಾಕು ಬಿಡಕ್ಕ’ ಎಂದ. ಅವಳು ಹೋಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

ಹೊಸ ಹುಡುಗಿ ಬಂದು ನಿಂತಳು. ಒಳ್ಳೆಯ ದನಿ, ಗಾಜು ಸೀಳುವಂಥದ್ದು. ಆದರೆ ಮೆಟ್ಟಿಲ ದೃಶ್ಯದಲ್ಲಿ ಎಷ್ಟು ಕೂಗಿದರೂ ಅದು ಕೂಗಷ್ಟೇ ಆಗುತ್ತಿತ್ತು. ಸೌಂಡಣ್ಣ ತಲೆಯಾಡಿಸುತ್ತಲೇ ಇದ್ದ. ಕೊನೆಗೆ ಹುಡುಗಿ ಸೋತು ತಿರುಗಿದಳು.

‘ನಂಗೆ ಬರ್ತಿಲ್ಲ ಅಕ್ಕ. ಚಿಕ್ಕೋಳಿದ್ದಾಗ ನಾನೂ ಥಿಯೇಟರಲ್ಲಿ ನಿಮ್ಮ ಜೊತೆ ಕೂಗಿದೋಳೇ. ಆವಾಗ ತಾನಾಗೇ ಬರ್ತಿತ್ತು.’

ಕಿರುಚಕ್ಕನಿಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿಕೊಡದೆ ಸುಮ್ಮನೆ ಕೂರಬಹುದಿತ್ತು. ಆದರೆ ಹುಡುಗಿಯ ಸಪ್ಪೆ ಮುಖ ನೋಡಲಾಗಲಿಲ್ಲ.

‘ನೀನು ಹೆದರಿ ಕೂಗ್ತಿದೀಯ ಮರಿ’ ಎಂದಳು, ಇದ್ದಬದ್ದ ದನಿಯಲ್ಲಿ. ‘ಹೆದರಿಕೆ ಗೋಣಿಮುಖ ತರ್ತಾನೆ, ಅದು ಅವನ ಕೆಲಸ. ನಿನ್ನ ಕೆಲಸ ಕರೆಯೋದು. ಬಾಗಿಲಾಚೆ ಅಮ್ಮ ಇದಾಳೆ, ಕರೆದ್ರೆ ಬಂದೇ ಬರ್ತಾಳೆ ಅಂತ ನಂಬಿ ಕರಿ. ಜನ ಇಷ್ಟು ವರ್ಷ ಬಂದಿದ್ದು ಅದಕ್ಕೇ. ಸಾಯೋದು ನೋಡೋಕಲ್ಲ, ಕೂಗೋಕೆ.’

ಹುಡುಗಿ ತಾನೂ ಚಪ್ಪಲಿ ಬಿಟ್ಟಳು. ದೀಪ ಆರಿತು. ಪರದೆಯ ಮೇಲೆ ಮಗಳು ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದಳು, ಹಿಂದೆ ಗೋಣಿಮುಖ.

‘ಅಮ್ಮಾ!’

ಕಿರುಚಕ್ಕನಿಗೆ ಮುಂದಿನದು ಗೊತ್ತಾಗಲೇ ಇಲ್ಲ. ಕುರ್ಚಿ ಉರುಳಿತು. ಎದ್ದು ನಿಂತಿದ್ದಳು, ಎರಡು ಹೆಜ್ಜೆ ಮುಂದೆ ನುಗ್ಗಿದ್ದಳು, ಒಡೆದ ಗಂಟಲಿನಿಂದ ‘ಬಂದೆ ಮಗಳೇ, ಬಂದೆ!’ ಎಂದಿದ್ದಳು. ಅಂದ ಮೇಲೆ ಎಚ್ಚರವಾಗಿ ನಾಲಿಗೆ ಕಚ್ಚಿಕೊಂಡಳು. ‘ಅಯ್ಯೋ, ಟೇಕ್ ಹಾಳು ಮಾಡ್ದೆ!’

ಪರದೆಯ ಮೇಲೆ ಆ ಹೊತ್ತಿಗೆ ನರೆತ ತಲೆಯ ನಾಯಕಿ ಮೆಟ್ಟಿಲ ಬುಡದಿಂದ ಮಗಳತ್ತ ಓಡುತ್ತಿದ್ದಳು. ಅವಳ ಬೆನ್ನೂ ನಮ್ಮ ಕಡೆಗೇ ಇತ್ತು. ಗಾಜಿನಾಚೆಯಿಂದ ಸೌಂಡಣ್ಣನ ದನಿ ಬಂತು. ‘ಇದನ್ನ ಕತ್ತರಿಸಲ್ಲ.’

ಮೊದಲ ದಿನದ ಮ್ಯಾಟಿನಿಗೆ ಮೂವರೂ ಹೋದರು. ಮೆಟ್ಟಿಲು ಬಂತು. ಇಡೀ ಥಿಯೇಟರು ಅಭ್ಯಾಸಬಲದಿಂದ ಎದೆ ತುಂಬಿಕೊಂಡು ‘ಅಮ್ಮಾ!’ ಎಂದಿತು, ನಗಲು ಬಾಯಿ ತೆರೆಯಿತು. ಆಗ ಎದುರಿನಿಂದ ಉತ್ತರ ಬಂತು, ‘ಬಂದೆ ಮಗಳೇ, ಬಂದೆ!’ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ದೊಡ್ಡ ಆಳೊಬ್ಬ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಸೌಂಡಣ್ಣ ಬಗ್ಗಿ ‘ಅಕ್ಕ, ಕೊನೇದ್ರಲ್ಲೂ ನಿನ್ನ ದನಿ ಬಂತಲ್ಲ’ ಎಂದ.

ಕಿರುಚಕ್ಕ ತಲೆಯಾಡಿಸಿದಳು. ಅವಳು ಹೇಳಿದ್ದನ್ನು ಕೇಳಲು ಅವನು ಎರಡು ಸಲ ಕಿವಿ ಚಾಚಬೇಕಾಯಿತು.

‘ಅದು ನನ್ನ ದನಿ ಅಲ್ಲ. ನಮ್ಮಮ್ಮ ಕೊನೆಗೂ ಸಿನಿಮಾಗೆ ಬಂದ್ಳು ನೋಡು. ಟಿಕೆಟ್ ತಗೊಳ್ದೇನೇ.’