ಎರಡನೇ ಸಲ ಎತ್ತದ ಚೀಟಿ

ಯೆಣೆಗೂರಿನ ಸಣ್ಣ ಮಠದ ಕಾಶಿನಾಥಯ್ಯ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನ ಪರವಾಗಿ ಗದ್ದುಗೆಯೇ ಮಾತಾಡುತ್ತಿತ್ತು. ಹೊಲದ ಪಾಲಾಗಲಿ, ಎತ್ತಿನ ವ್ಯಾಪಾರವಾಗಲಿ, ಹೆಣ್ಣು ಕೊಡುವ ಮಾತಾಗಲಿ, ಸುತ್ತಲಿನ ಒಕ್ಕಲು ಮನೆತನದವರು ಸೋಮವಾರ ಬಂದು ಅವನೆದುರು ಕೂಡುತ್ತಿದ್ದರು. ಅವನು ಬೇಕು, ಬೇಡ ಎಂದು ಎರಡು ಚೀಟಿ ಬರೆದು, ಬಿಲ್ವಪತ್ರೆಯಲ್ಲಿ ಸುತ್ತಿ, ತಾಮ್ರದ ಬಟ್ಟಲಿಗೆ ಹಾಕಿ, ಮಠ ಕಟ್ಟಿದ ಅಜ್ಜನ ಗದ್ದುಗೆಯ ಮೇಲಿಟ್ಟು ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದ. ಬಂದದ್ದು ಬಂತು, ಆಮೇಲೆ ಮಾತಿಲ್ಲ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳಿಕೆ ಹೋಯಿತು, ಕಚೇರಿಯ ಉರ್ದು ಹೋಯಿತು, ಈ ಸೀಮೆ ಯಾವ ರಾಜ್ಯಕ್ಕೆ ಸೇರಬೇಕೆಂದು ದೊಡ್ಡವರು ಕಿತ್ತಾಡಿದರು. ಕಾಶಿನಾಥಯ್ಯನ ಬಟ್ಟಲು ಮಾತ್ರ ಇದ್ದಲ್ಲೇ ಇತ್ತು. ರಾಜ್ಯದ ಮಾತನ್ನೂ ಅಯ್ಯನ ಹತ್ತಿರ ಚೀಟಿ ಹಾಕಿ ಕೇಳಿದ್ದರೆ ಇಷ್ಟು ಗದ್ದಲವೇ ಇರುತ್ತಿರಲಿಲ್ಲ ಎಂದು ಊರವರು ನಗುತ್ತಿದ್ದರು.

ಅವನ ಮೇಲೆ ಜನರಿಗೆ ಅಷ್ಟು ಭರವಸೆ ಯಾಕೆಂದರೆ, ಒಮ್ಮೆ ಎತ್ತಿದ ಚೀಟಿಯನ್ನು ಅವನು ಯಾರ ಸಲುವಾಗಿಯೂ ತಿರುಗಿ ಎತ್ತಿದವನಲ್ಲ. ಮುರುಮದ ಮಾಣಿಕಪ್ಪ ಮಗಳು ಸುಮನಬಾಯಿಗೆ ಬಂದ ನಿಲಂಗದ ಸಂಬಂಧ ಕೇಳಲು ಬಂದಾಗ "ಬೇಡ" ಎಂದು ಬಂದಿತ್ತು. ಹುಡುಗಿ ಆ ನಿಲಂಗದ ಹುಡುಗನ ಮೇಲೆ ಮನಸ್ಸಿಟ್ಟಿದ್ದಳು. ಮುಂದಿನ ಸೋಮವಾರ ಮಾಣಿಕಪ್ಪ ಮತ್ತೆ ಬಂದು, ಮಗಳು ಊಟ ಬಿಟ್ಟಿದ್ದಾಳೆ, ಇನ್ನೊಮ್ಮೆ ಎತ್ತಿ ನೋಡಬೇಕು ಎಂದು ಕೈಮುಗಿದ.

"ಎರಡನೇ ಸಲ ಕೇಳಿದ್ರ ಮೊದಲಿಂದು ಸುಳ್ಳ ಅಂದಂಗ ಆಗ್ತದ, ಮಾಣಿಕಪ್ಪ," ಎಂದ ಕಾಶಿನಾಥಯ್ಯ. "ನಾ ಎತ್ತಾಂವಲ್ಲ."

ಸಂಬಂಧ ಮುರಿಯಿತು. ಸುಮನಬಾಯಿಯನ್ನು ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟರು. ಆ ಮನೆಯಲ್ಲಿ ಅವಳು ಸುಖ ಕಾಣಲಿಲ್ಲ. ಆ ಸುದ್ದಿ ಬಂದಾಗಲೆಲ್ಲ ಕಾಶಿನಾಥಯ್ಯ ಊಟದಿಂದ ಅರ್ಧಕ್ಕೇ ಏಳುತ್ತಿದ್ದ. ಆದರೂ ತಾನು ಮಾಡಿದ್ದು ತಪ್ಪೆಂದು ಅವನಿಗೆ ಅನ್ನಿಸಲಿಲ್ಲ.

ಊರಿಗೆಲ್ಲ ಹಾದಿ ತೋರಿಸುವವನ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಹೆಂಡತಿ ಇಂದುಬಾಯಿ ಎರಡು ಸಲ ಬಸುರಾಗಿ ದಿನ ತುಂಬಿಸಿಕೊಂಡಿದ್ದಳು. ಎರಡೂ ಕೂಸು ಹುಟ್ಟುವಾಗಲೇ ಸತ್ತಿದ್ದವು. ಆಗತಾನೇ ಹುಟ್ಟಿದ ಕೂಸಲ್ಲ, ಮೂರು ತಿಂಗಳ ಕೂಸೆಂಬಂತೆ ಗಲ್ಲ ತುಂಬಿಕೊಂಡು, ಕೈಕಾಲು ದುಂಡಗಾಗಿ ಬಂದಿದ್ದವು. ಇಷ್ಟು ಚೆಂದದ ಕೂಸಿಗೆ ದೃಷ್ಟಿಯಾಗದೆ ಇರುತ್ತದೆಯೇ ಎಂದು ಸೂಲಗಿತ್ತಿ ಮಲಕಮ್ಮ ಕಣ್ಣೊರೆಸಿಕೊಂಡಿದ್ದಳು. ಮೂರನೆಯ ಸಲ ಬಸುರಾದಾಗ ಇಂದುಬಾಯಿಗೆ ಎಷ್ಟು ನೀರು ಕುಡಿದರೂ ದಾಹ ಹಿಂಗಲಿಲ್ಲ. ಆಕೆ ಮೂತ್ರಕ್ಕೆ ಕೂತೆದ್ದ ಬಚ್ಚಲಿಗೆ ಇರುವೆ ಮುತ್ತುತ್ತಿದ್ದವು. ಅದನ್ನು ಕಂಡ ಮಲಕಮ್ಮನೇ, ಉದಗೀರದ ದವಾಖಾನೆಗೆ ಹೈದರಾಬಾದಿನಿಂದ ಡಾಕ್ಟರಬಾಯಿ ಬಂದಿದ್ದಾಳಂತೆ, ಇಂಥ ಬಸುರಿಯರನ್ನೇ ಹುಡುಕಿ ನೋಡುತ್ತಾಳಂತೆ, ಹೋಗಿಬನ್ನಿ ಎಂದಳು. ಉಮರ್ಗಾದಲ್ಲೊಮ್ಮೆ, ನಿಲಂಗದಲ್ಲೊಮ್ಮೆ ಬಸ್ಸು ಬದಲಿಸಿ ಇಬ್ಬರೂ ಹೋದರು.

ಡಾಕ್ಟರಬಾಯಿ ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಇಂದುಬಾಯಿಯ ಮೂತ್ರದ ನಾಲ್ಕು ಹನಿ ಬಿಟ್ಟು ದೀಪದ ಮೇಲೆ ಕಾಸಿದಳು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿ ಬಣ್ಣಕ್ಕೆ ಬಂತು. ಇದು ಸಕ್ಕರೆ ಬೇನೆ, ಬಸುರಿನಲ್ಲಿ ಜೋರಾಗುತ್ತದೆ, ಕೂಸನ್ನು ಕೊಬ್ಬಿಸಿ ಕೊಲ್ಲುವುದೇ ಇದು ಎಂದಳು. ದಿನಾ ಇನ್ಸುಲಿನ್ ಸೂಜಿ ಹಾಕಿದರೆ ಇಂಥ ಕೂಸುಗಳು ಹೆಚ್ಚು ಉಳಿಯುತ್ತವೆಯೋ, ಬರೀ ಪಥ್ಯ ಸಾಕೋ ಎಂದು ತಿಳಿಯಲು ಒಂದು ಪರೀಕ್ಷೆ ನಡೆಸಿದ್ದೇವೆ ಎಂದಳು. ಅರ್ಧ ಹೆಂಗಸರಿಗೆ ಸೂಜಿ, ಅರ್ಧ ಜನಕ್ಕೆ ಪಥ್ಯ. ಯಾರಿಗೆ ಯಾವುದು ಎಂದು ತಾನು ಆರಿಸಿದರೆ ಪಕ್ಷಪಾತವಾಗುತ್ತದೆ, ಅದಕ್ಕೇ ಡಬ್ಬಿಯಲ್ಲಿ ಮುಚ್ಚಿದ ಚೀಟಿ ಇವೆ. ಸೂಜಿಯೇ ಬೇಕೆಂದು ದಿನಾ ಗಂಡಂದಿರು ಕಾಡಿ ಆಕೆಗೆ ಸಾಕಾಗಿರಬೇಕು. ಚೀಟಿ ಹೇಳಿದ್ದೇ ಆಖ್ರಿ, ನಾನೂ ಬದಲಿಸುವಂತಿಲ್ಲ ಎಂದೂ ಸೇರಿಸಿದಳು.

ಕಾಶಿನಾಥಯ್ಯನಿಗೆ ಎದೆ ತುಂಬಿಬಂತು. ಕಲಿತವರ ಕಚೇರಿಯಲ್ಲಿ ತನ್ನ ಮಾತನ್ನು ಆಡುವವರು ಸಿಕ್ಕಿದ್ದು ಇದೇ ಮೊದಲು. ತಾನೇ ಎತ್ತಬಹುದೇ ಎಂದು ಕೇಳಿದ. ಯಾರ ಕೈಯಾದರೇನು ಎಂದು ಆಕೆ ನಕ್ಕು ಡಬ್ಬಿ ಮುಂದಿಟ್ಟಳು. ಅವನು ಕೊರಳ ಲಿಂಗ ಮುಟ್ಟಿ, ಅಜ್ಜನನ್ನು ನೆನೆದು, ಕಣ್ಣು ಮುಚ್ಚಿ ಎತ್ತಿದ. ಪಥ್ಯ ಬಂತು.

ಇಂದುಬಾಯಿ ಹಿಡಿದ ಪಥ್ಯ ಯಾವ ಸನ್ಯಾಸಿಗೂ ಸಾಧ್ಯವಿರಲಿಲ್ಲ. ಬೆಲ್ಲ ಮುಟ್ಟಲಿಲ್ಲ, ಅನ್ನ ಬಿಟ್ಟಳು, ಜೋಳದ ರೊಟ್ಟಿಯನ್ನೂ ಹೇಳಿದಷ್ಟೇ ತಿಂದಳು. ಸೀಮಂತದ ಕುಬಸಕ್ಕೆ ತವರಿನವರು ತಂದ ಹೋಳಿಗೆಯನ್ನು ಕಣ್ಣಿಗೊತ್ತಿಕೊಂಡು ಮಕ್ಕಳಿಗೆ ಹಂಚಿದಳು. ಈ ಕೂಸು ಉಳಿಯುತ್ತದೆಂದು ಇಬ್ಬರೂ ನಂಬಿದ್ದರು. ಆದರೆ ಎಂಟನೆಯ ತಿಂಗಳಲ್ಲಿ ಹೋದಾಗ ನಳಿಗೆ ಮತ್ತೆ ಇಟ್ಟಂಗಿ ಬಣ್ಣಕ್ಕೆ ತಿರುಗಿತು. ಡಾಕ್ಟರಬಾಯಿಯ ಮುಖ ಕಪ್ಪಿಟ್ಟಿತು. ಬರೀ ಪಥ್ಯಕ್ಕೆ ಇದು ಬಗ್ಗುವುದಿಲ್ಲ, ಇಂಥ ಹೊತ್ತಿನಲ್ಲಿ ಚೀಟಿ ಬಿಟ್ಟು ಸೂಜಿ ಹಾಕಲು ನಮ್ಮ ನಿಯಮವೇ ಒಪ್ಪುತ್ತದೆ, ಹೆರಿಗೆಯ ತನಕ ಇಲ್ಲೇ ಇರಲಿ ಎಂದಳು.

ಕಾಶಿನಾಥಯ್ಯನ ಕಣ್ಣ ಮುಂದೆ ಕೈಮುಗಿದು ನಿಂತ ಮಾಣಿಕಪ್ಪ ಬಂದ. ಚೀಟಿ ಬಂದಾಗಿದೆ, ಇನ್ನು ಬದಲಿಸಬಾರದು ಎಂದುಬಿಟ್ಟ. ಆಖ್ರಿ ಎಂದವರು ನೀವೇ ಅಲ್ಲವೇ ಎಂದು ಕೇಳಿದ. ಅದು ಪರೀಕ್ಷೆಯ ಸಲುವಾಗಿ ಆಡಿದ ಮಾತು, ದೇವರ ಮಾತಲ್ಲ ಎಂದು ಆಕೆ ಬಗೆಬಗೆಯಾಗಿ ತಿಳಿಸಿದಳು, ಕಡೆಗೆ ಸಿಟ್ಟಾದಳು. ಬೆಂಚಿನ ಮೇಲೆ ಕೂತಿದ್ದ ಇಂದುಬಾಯಿ ಆಗ ಬಾಯಿಬಿಟ್ಟಳು.

"ಅದು ಗದ್ದಗಿ ಚೀಟಿ ಅಲ್ರೀ. ದವಾಖಾನಿ ಡಬ್ಬ್ಯಾಗಿಂದು."

"ಅಜ್ಜಗ ನೆನಸಿ ಎತ್ತೀನಿ," ಎಂದ ಅವನು. "ನನ್ನ ಮನಿ ಕೂಸಂತ ಈಗ ತಿರುಗಿಸಿದ್ರ, ಆ ಮಾಣಿಕಪ್ಪಗ ಏನ ಮುಖ ತೋರಸ್ಲಿ?"

"ನನಗ ತೋರಸ್ರಿ."

ಅವನು ಎದ್ದು ನಡೆದ. ಗಂಡ ಎದ್ದ ಮೇಲೆ ಹೆಂಡತಿ ಕೂತಿರುವ ಕಾಲ ಅದಲ್ಲ. ಆಕೆ ಸೆರಗು ಎಳೆದುಕೊಂಡು ಹಿಂದೆ ಹೊರಟಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ನೋಡಿಯೇ. ಕೇಳಿದವರಿಗೆ ಸಿಟ್ಟು ಬರುತ್ತದೆ, ಬರಲಿ. ಆದರೆ ಅವನು ಕಟುಕನಲ್ಲ. ನಿಲಂಗದ ಬಸ್ ನಿಲ್ದಾಣದಲ್ಲಿ ಹೆಂಡತಿಗೆ ಮೂರು ಸಲ ನೀರು ತಂದುಕೊಟ್ಟ, ತಾನು ಒಂದು ಗುಟುಕೂ ಕುಡಿಯಲಿಲ್ಲ.

ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಇಂದುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೂಸು ಆಡುತ್ತಿಲ್ಲ ಎಂದಳು. ಮತ್ತೆ ಅದೇ ಬಸ್ಸು, ಅದೇ ದವಾಖಾನೆ. ಗಂಡು ಕೂಸು, ತುಂಬಿದ ಗಲ್ಲ, ಉಸಿರಿಲ್ಲ. ಇನ್ನು ಬಸುರಾದರೆ ತಾಯಿಯೂ ಉಳಿಯುವುದಿಲ್ಲ ಎಂದಳು ಡಾಕ್ಟರಬಾಯಿ. ಕಾಶಿನಾಥಯ್ಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ.

"ಸೂಜಿ ಹಾಕಿದ್ರ ಬದಕ್ತಿತ್ತೇನ್ರಿ?"

ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ಈ ಪರೀಕ್ಷೆ, ಉತ್ತರ ಬರಲು ವರ್ಷಗಳು ಬೇಕು ಎಂದಳು ಆಕೆ. ಹೌದು ಎಂದಿದ್ದರೆ ಅವನು ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದ, ಇಲ್ಲ ಎಂದಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದ. ಎರಡೂ ಆಗದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು, ತಾನೇ ವಿಭೂತಿ ಹಚ್ಚಿ, ಮಠದ ಹೊಲದಲ್ಲಿ ಹೂಳಿದ.

ದೀಪಾವಳಿಯ ಹೊತ್ತಿಗೆ ಯೆಣೆಗೂರು ಹೈದರಾಬಾದ್ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿತು. ಮುಂದೆ ಡಾಕ್ಟರಬಾಯಿಗೂ ವರ್ಗವಾಯಿತು. ಪರೀಕ್ಷೆಯ ಉತ್ತರ ಬಂತೋ ಇಲ್ಲವೋ, ಬಂದು ಹೇಳಿದವರಿಲ್ಲ. ಜನ ಮಾತ್ರ ಮೊದಲಿಗಿಂತ ಹೆಚ್ಚು ಬರತೊಡಗಿದರು. ಹೊಟ್ಟೆಯ ಕೂಸಿಗಾಗಿಯೂ ಚೀಟಿ ತಿರುಗಿಸದ ಅಯ್ಯ ಎಂದು ಅವನ ಕಾಲಿಗೆರಗುತ್ತಿದ್ದರು. ಅವರು ಎರಗಿದಾಗಲೆಲ್ಲ ಇಂದುಬಾಯಿ ಒಳಗೆ ಹೋಗುತ್ತಿದ್ದಳು.

ಒಂದು ಸೋಮವಾರ ಮಾಕಣಿಯ ರಾಚಯ್ಯ ಬಂದ. ಸೊಸೆ ಬಸುರಿ, ಬಚ್ಚಲಿಗೆ ಇರುವೆ ಮುತ್ತುತ್ತವೆ, ಉದಗೀರದ ದವಾಖಾನೆಗೆ ಕರೆದೊಯ್ಯಬೇಕೋ ಬೇಡವೋ ಎಂದು ಕೇಳಿದ. ಕಾಶಿನಾಥಯ್ಯ ಗೋಡೆಗೆ ಮುಖ ಮಾಡಿ ಕೂತು ಬರೆದ, ಸುತ್ತಿದ, ಕಣ್ಣು ಮುಚ್ಚಿ ಎತ್ತಿದ. "ಹೋಗು" ಎಂದಿತ್ತು. ರಾಚಯ್ಯ ಸಮಾಧಾನದಿಂದ ಅಡ್ಡಬಿದ್ದು ಹೋದ.

ಇಂದುಬಾಯಿ ಬಟ್ಟಲು ತೊಳೆಯಲು ಬಂದಳು. ಉಳಿದಿದ್ದ ಚೀಟಿಯನ್ನು ಎಲೆಯಿಂದ ಬಿಡಿಸಿದಳು. ಮಠದಲ್ಲೇ ಕಲಿತ ಅಕ್ಷರ ಕೂಡಿಸಿ ಓದಿದಳು. ಅದರಲ್ಲೂ "ಹೋಗು" ಎಂದೇ ಇತ್ತು. ಗಂಡನ ಮುಖ ನೋಡಿದಳು.

"ಹಂಗಾದ್ರ ಹಿಂಗ ಮಾಡೂದು ನಿಮಗ ಬರ್ತಿತ್ತು," ಎಂದಳು.